ಹೊರಟ ದಿನದ ಲೆಕ್ಕ

ಮೂರು ಸಾವಿರದ ಆರುನೂರು ಕಿಲೋಮೀಟರ್ ಗಾಡಿ ಓಡಿಸಿ ಬಂದವನಿಗೆ ಕೊನೆಯ ಇಪ್ಪತ್ತು ಕಿಲೋಮೀಟರ್ ದಾಟಲು ಇಡೀ ಒಂದು ದಿನ ಹಿಡಿಯಿತು ಎಂದರೆ ಯಾರೂ ನಂಬುವುದಿಲ್ಲ. ಟಯರ್ ಪಂಕ್ಚರ್ ಆಗಿರಲಿಲ್ಲ, ಇಂಜಿನ್ ಕೈಕೊಟ್ಟಿರಲಿಲ್ಲ, ಯಾವ ಪೊಲೀಸನೂ ಕೈ ಅಡ್ಡ ಹಿಡಿದಿರಲಿಲ್ಲ. ನನ್ನನ್ನು ತಡೆದದ್ದು ಒಂದು ಅಂಕಿ. ಹದಿನೆಂಟು. ಇವತ್ತಿಗೂ ಆ ಅಂಕಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ಹೆಸರು ಲಾಲಪ್ಪ. ಬಾಗಲಕೋಟೆ ಕಡೆಯವನು. ತೊಂಬತ್ತೇಳನೇ ಇಸವಿಯ ಡಿಸೆಂಬರ್ ತಿಂಗಳ ಮಾತು ಇದು. ಆಗ ಪುಣೆಗೆ ಬಂದು ಹದಿನಾಲ್ಕು ವರ್ಷವಾಗಿತ್ತು, ಕಾತ್ರಜದ ಒಬ್ಬ ಸೇಟ್‌ನ ಮಿನಿ ಬಸ್ಸು ಓಡಿಸುತ್ತಿದ್ದೆ. ಪುಣೆಯ ಕನ್ನಡ ಮಂದಿ ಯಾತ್ರೆಗೆ ಹೊರಟರೆ ಸೇಟ್ ನನ್ನನ್ನೇ ಕಳಿಸುತ್ತಿದ್ದ. ಆ ಸಲ ಹನ್ನೆರಡು ಜನ. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲೇ ನೆಲೆ ನಿಂತವರು. ರಿಟೈರ್ ಆದ ಗುಮಾಸ್ತರು, ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದ ವ್ಯಾಪಾರಿಗಳು, ಅವರ ಹೆಂಡಂದಿರು. ಪ್ರಯಾಗ, ಕಾಶಿ, ಗಯಾ ಮುಗಿಸಿ, ನಾಗಪುರಕ್ಕೆ ಇಳಿದು, ತುಳಜಾಪುರದ ಅಂಬಾಭವಾನಿಗೆ ಕೈಮುಗಿದು, ಸೊಲ್ಲಾಪುರ ರಸ್ತೆಯಿಂದ ಪುಣೆಗೆ ವಾಪಸ್. ಕ್ಲೀನರ್ ಇಲ್ಲ, ಇನ್ನೊಬ್ಬ ಡ್ರೈವರ್ ಇಲ್ಲ. ಒಬ್ಬನೇ.

ನಾನು ಹೊರಟಾಗ ನನ್ನ ಹೆಂಡತಿ ತಿಪ್ಪವ್ವನಿಗೆ ಎಂಟು ತಿಂಗಳು ತುಂಬಿತ್ತು. ಡಾಕ್ಟರು ಜನವರಿ ಎಂದಿದ್ದರು, ಅದೇ ಧೈರ್ಯದ ಮೇಲೆ ಹೊರಟಿದ್ದೆ. ಇದಕ್ಕೆ ಮುಂಚೆ ಎರಡು ಹೋಗಿದ್ದವು. ಮೊದಲನೆಯದು ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಹುಟ್ಟಿ ಮೂರು ದಿನ ಬದುಕಿತ್ತು. ಆಗ ನಾನು ಗೋವಾಕ್ಕೆ ಗಾಡಿ ಒಯ್ದಿದ್ದೆ. ವಾಪಸ್ ಬರುವುದರೊಳಗೆ ಮಣ್ಣು ಮಾಡಿ ಕೈತೊಳೆದು ಕುಳಿತಿದ್ದರು. ಅದರ ಮುಖ ನಾನು ನೋಡಲಿಲ್ಲ. ಹೇಗಿತ್ತು ಎಂದು ತಿಪ್ಪವ್ವನನ್ನು ಕೇಳುವ ಧೈರ್ಯವೂ ಎಂದೂ ಬರಲಿಲ್ಲ.

ನಾಗಪುರದ ಎಸ್‌ಟಿಡಿ ಬೂತಿನಿಂದ ನಮ್ಮ ಪಕ್ಕದ ಮನೆಯ ರಾಧಾಬಾಯಿಗೆ ಫೋನ್ ಹಚ್ಚಿದೆ. ಆಕೆ ಮರಾಠಿಯಲ್ಲಿ ಒಂದೇ ಸಮನೆ ಕೂಗಿದಳು: "ಲಾಲಪ್ಪಾ, ಮುಲಗೀ ಝಾಲಿ! ಸೋಮವಾರೀ! ದೋಘೀ ಠೀಕ ಆಹೇತ!" ಹೆಣ್ಣು ಹುಟ್ಟಿತ್ತು, ತಾಯಿ ಮಗಳು ಇಬ್ಬರೂ ಚೆನ್ನಾಗಿದ್ದರು. ನಾನು ಬೂತಿನ ಗಾಜಿಗೆ ಹಣೆ ಹಚ್ಚಿ ಅತ್ತೆ. ಆಮೇಲೆ ಪೇಢೆ ತಂದು ಗಾಡಿಯವರಿಗೆಲ್ಲ ಹಂಚಿದೆ. ಎಲ್ಲರೂ ತಿಂದರು, ಎಲ್ಲರೂ ಹರಸಿದರು. ಆ ಕ್ಷಣದಿಂದ ನನಗೆ ರಸ್ತೆ ಕಾಣಲಿಲ್ಲ, ಊಟ ರುಚಿಸಲಿಲ್ಲ, ಒಂದೇ ಜಪ. ಈ ಸಲ ಮುಖ ನೋಡಬೇಕು.

ರವಿವಾರ ಬೆಳಿಗ್ಗೆ ಒಂಬತ್ತೂವರೆಗೆ ಲೋಣಿ ಮುಟ್ಟಿದೆವು. ಎಲ್ಲರಿಗೂ ಚಹಾ ಬೇಕಂತೆ. ಕುಡಿಯಿರಪ್ಪ ಎಂದೆ. ಇನ್ನೊಂದು ಗಂಟೆಯಲ್ಲಿ ಹಡಪಸರದವರನ್ನು ಇಳಿಸಿ, ಊರೊಳಗಿನವರನ್ನು ಇಳಿಸಿ, ಊಟದ ಹೊತ್ತಿಗೆ ಕೊಂಢವಾದ ನನ್ನ ಮನೆಯಲ್ಲಿರುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ಹಾಕುವವನು ನಾನೊಬ್ಬನೇ ಅಲ್ಲ ಎಂಬುದು ಮರೆತುಹೋಗಿತ್ತು.

ನಿಜಲಿಂಗಪ್ಪನವರು ರಿಟೈರ್ಡ್ ಹೆಡ್ ಕ್ಲಾರ್ಕ್. ಯಾತ್ರೆಯ ಮುಂದಾಳು ಎಂದು ತಮ್ಮನ್ನು ತಾವೇ ನೇಮಿಸಿಕೊಂಡಿದ್ದರು. ಎಲ್ಲಿ ಸ್ನಾನ, ಎಲ್ಲಿ ಊಟ, ಯಾರಿಗೆ ಭೇದಿ, ಎಲ್ಲವೂ ಅವರ ಡೈರಿಯಲ್ಲಿ ತಾರೀಖಿನ ಸಮೇತ ಇರುತ್ತಿತ್ತು. ಚಹಾ ಕುಡಿಯುತ್ತ ಆ ದಿನದ್ದನ್ನು ಬರೆಯಲು ಹೋದವರು ಪೆನ್ನು ಹಾಗೇ ನಿಲ್ಲಿಸಿಬಿಟ್ಟರು.

"ಲಾಲಪ್ಪಾ, ಗಾಡಿ ಚಾಲೂ ಮಾಡಬ್ಯಾಡ."

"ಯಾಕ್ರಿ? ಏನಾತ್ರಿ?"

"ಇವತ್ತ ಹದಿನೆಂಟನೇ ದಿನ ಅದ."

"ಹೌದ್ರಿ. ಅದಕ್ಕೇನೀಗ?"

"ಒಂಬತ್ತನೇ ದಿನ ಮನೀಗೆ ಬರಬಾರದು ಅಂತ ಗೊತ್ತದ ಇಲ್ಲೋ ನಿನಗ?"

ಅದು ಯಾರಿಗೆ ಗೊತ್ತಿಲ್ಲ? ನಮ್ಮ ಕಡೆ ಪ್ರಯಾಣ ಹೋದವರು ಹೊರಟ ಒಂಬತ್ತನೇ ದಿನ ಸ್ವಂತ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಮನೆಯಲ್ಲಿರುವವರಿಗೆ ಕೇಡು ಎನ್ನುತ್ತಾರೆ. ನಮ್ಮವ್ವ ಕೂಡ ಹೀಗೇ ಎಣಿಸುತ್ತಿದ್ದಳು. ಆದರೆ ಒಂಬತ್ತು ಅಂದರೆ ಒಂಬತ್ತು.

"ಗೊತ್ತೈತ್ರಿ. ಆದರ ಇದು ಒಂಬತ್ತ ಅಲ್ಲಲ್ರಿ."

"ಹದಿನೆಂಟಂದ್ರ ಏನಪಾ? ಎರಡ ಒಂಬತ್ತು." ಡೈರಿ ಮುಚ್ಚಿದರು. ಆಫೀಸಿನಲ್ಲಿ ಮೂವತ್ತೈದು ವರ್ಷ ಮಂದಿಯ ಅರ್ಜಿ ವಾಪಸ್ ಕಳಿಸಿದ ಮುಖ ಅದು. "ಒಂದಕ್ಕ ದೋಷ ಅದ ಅಂದಮ್ಯಾಲೆ ಎರಡಕ್ಕ ಡಬಲ್ ದೋಷ."

ಅಲ್ಲ, ನೀವೇ ಹೇಳಿ. ಈ ಬುದ್ಧಿಗೆ ಏನೆನ್ನಬೇಕು? ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಹೆಂಗಸರ ಮುಖ ಆಗಲೇ ಬಿಳಚಿಕೊಂಡಿತ್ತು. ವ್ಯಾಪಾರಿ ಮುರುಗೆಪ್ಪನವರ ಹೆಂಡತಿ, "ಹೌದಲ್ರಿ, ನನ್ನ ಲಕ್ಷಕ್ಕ ಬರಲಿಲ್ಲ ನೋಡ್ರಿ," ಎಂದು ಗಲ್ಲ ಬಡಿದುಕೊಂಡರು.

ನನ್ನ ಸೀಟಿನ ಹಿಂದಿನ ಕಿಟಕಿಯಲ್ಲಿ ಕುಳಿತಿದ್ದವರು ಪಾರವ್ವ. ಎಪ್ಪತ್ತೆರಡು ವರ್ಷ, ಒಬ್ಬರೇ ಬಂದಿದ್ದರು. ಹದಿನೆಂಟು ದಿನದಲ್ಲಿ ಒಂದು ದಿನವೂ ತಣ್ಣೀರಿನ ಸ್ನಾನ ಬಿಟ್ಟವರಲ್ಲ. ಕಾಶಿಯಿಂದ ತಂದ ಗಂಗೆಯ ತಂಬಿಗೆಯನ್ನು ನೆಲಕ್ಕೆ ತಾಗಿಸಬಾರದೆಂದು ಆರು ದಿನದಿಂದ ತೊಡೆಯ ಮೇಲೆ ಕೂಡಿಸಿಕೊಂಡೇ ಬಂದಿದ್ದರು. ಗಾಡಿಯವರೆಲ್ಲ ಅವರ ಮುಖ ನೋಡಿದರು. ಅವರು ಒಂದೇ ಮಾತು ಹೇಳಿದರು: "ಇವತ್ತ ನಾ ಹೊಸ್ತಿಲಾ ದಾಟೂದಿಲ್ಲ."

ಮುಗಿಯಿತು. ಪಾರವ್ವ ಹೇಳಿದ ಮೇಲೆ ಅಪೀಲಿಲ್ಲ.

"ರಾಯರ, ನನ್ನ ಕೂಸಿನ್ನ ನಾ ಇನ್ನೂ ನೋಡಿಲ್ರಿ," ಎಂದೆ. ಸಿಟ್ಟು ನುಂಗಿಕೊಂಡೇ ಹೇಳಿದೆ.

"ಕೂಸು ಎಲ್ಲಿ ಓಡಿಹೋಗತದಪಾ? ನಾಳೆ ನೋಡೀಯಂತ," ಎಂದರು ನಿಜಲಿಂಗಪ್ಪ.

ಎಲ್ಲಿ ಓಡಿಹೋಗುತ್ತದೆ! ನನ್ನ ಎರಡು ಕೂಸು ಎಲ್ಲಿಗೆ ಓಡಿಹೋದವು ಎಂದು ಅವರ ಕೊರಳಪಟ್ಟಿ ಹಿಡಿದು ಕೇಳಬೇಕೆನಿಸಿತು. ಸ್ಟಿಯರಿಂಗ್ ಹಿಡಿದೆ.

ಹಡಪಸರದಲ್ಲಿ ನಮ್ಮ ಕಡೆಯವರದೊಂದು ಸಣ್ಣ ಮಠವಿದೆ, ರಾತ್ರಿ ಅಲ್ಲಿ ಕಳೆದು ಮುಂಜಾನೆ ಮನೆಗೆ ಹೋಗುವುದು ಎಂದು ಠರಾವಾಯಿತು. ಮಠದಲ್ಲಿ ಇವರನ್ನು ಒಗೆದು ಓಡಿಹೋಗಿ ಕೂಸಿನ ಮುಖ ನೋಡಿ ಬಂದರಾಯಿತು ಎಂದು ನಾನೂ ಸುಮ್ಮನಾದೆ. ಹೋದರೆ ಮಠದ ಮುಂದೆ ಚಪ್ಪರ, ವಾಲಗ, ಜಗಮಗ. ಮದುವೆ! ಒಳಗೆ ಕಾಲಿಡಲು ಜಾಗವಿಲ್ಲ. ಮದುವೆ ಮನೆಯವರು ಊಟ ಮಾಡಿ ಹೋಗಿ ಎಂದು ಎಳೆದರು. ಆರು ಮಂದಿ ಉಂಡೇ ಬಂದರು. ನಾನು ಚಪ್ಪರದ ಹೊರಗೆ ಬಿಸಿಲಲ್ಲಿ ಮುಕ್ಕಾಲು ಗಂಟೆ ಕಾದೆ.

ಆಮೇಲೆ ಒಂದು ಧರ್ಮಶಾಲೆ. ಅಲ್ಲಿ ಯಾವುದೋ ಪಾದಯಾತ್ರೆಯ ದಿಂಡಿಯವರು ತುಂಬಿದ್ದರು. ಆಮೇಲೆ ನಿಜಲಿಂಗಪ್ಪನವರ ಆಫೀಸಿನ ದೋಸ್ತನೊಬ್ಬನ ಬಂಗಲೆ, ಬಾಗಿಲಿಗೆ ಬೀಗ. ಇನ್ನೊಬ್ಬರ ಮನೆಗೆ ಹೋಗೋಣವೆಂದರೆ ಹನ್ನೆರಡು ಮಂದಿ, ಇಪ್ಪತ್ತಾರು ಗಂಟುಮೂಟೆ, ನೆಲಕ್ಕೆ ತಾಗಿಸಬಾರದ ಹನ್ನೆರಡು ಗಂಗೆಯ ತಂಬಿಗೆ. ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ರವಿವಾರದ ಬಾಜಾರು ಬೇರೆ. ಹಡಪಸರದ ಗಾಡಿತಳ ಚೌಕದಲ್ಲಿ ಲಾರಿ, ರಿಕ್ಷಾ, ಕೈಗಾಡಿ, ಎಲ್ಲವೂ ಒಂದರ ಬಾಲಕ್ಕೆ ಇನ್ನೊಂದು ಮೂಗು ತೂರಿಸಿ ನಿಂತಿದ್ದವು. ಮುಂದೆ ಹೋಗಲು ಇಲ್ಲ, ಹಿಂದೆ ಬರಲು ಇಲ್ಲ. ಎಡಕ್ಕೆ ತಿರುಗಿದರೆ ಅರ್ಧ ಗಂಟೆಯಲ್ಲಿ ಕೊಂಢವಾ. ನನ್ನ ಕೂಸು ಅರ್ಧ ಗಂಟೆಯ ದೂರದಲ್ಲಿ ಮಲಗಿದೆ, ನಾನು ಇಲ್ಲಿ ಹನ್ನೆರಡು ಮಂದಿಯನ್ನು ಅವರವರ ಮನೆಯ ಮುಂದಿನಿಂದಲೇ ಹಾಯಿಸಿಕೊಂಡು ಊರು ಸುತ್ತುತ್ತಿದ್ದೇನೆ. ಪಾರವ್ವನವರ ಬಿಲ್ಡಿಂಗಿನ ಮುಂದೆ ಎರಡು ಸಲ ಹಾದೆವು. ಎರಡು ಸಲವೂ ಅವರು ಸೆರಗು ಮುಖಕ್ಕೆ ಮುಚ್ಚಿಕೊಂಡರು, ಮನೆ ಕಣ್ಣಿಗೆ ಬೀಳಬಾರದೆಂದು.

ಇಳಿದು ನಡೆದುಬಿಡಬಹುದಿತ್ತಲ್ಲ ಎನ್ನುತ್ತೀರಿ. ಗಾಡಿ ನಡುರಸ್ತೆಯಲ್ಲಿ ಬಿಟ್ಟೇ? ಒಬ್ಬೊಬ್ಬರನ್ನೂ ಬಾಗಿಲಿಗೆ ಬಿಟ್ಟು 'ಸುಖರೂಪ ಮನೆ ಮುಟ್ಟಿದೆ' ಎಂದು ಸಹಿ ಮಾಡಿಸಿಕೊಂಡು ಬರಬೇಕೆಂಬುದು ಸೇಟ್‌ನ ಕಾನೂನು. ಅದಿಲ್ಲದೆ ಗಾಡಿಯ ಚಾವಿ ತೆಗೆದುಕೊಳ್ಳುತ್ತಿರಲಿಲ್ಲ.

ಹನ್ನೆರಡೂವರೆಯ ಸುಮಾರಿಗೆ ಹಿಂದಿನಿಂದ ನಿಜಲಿಂಗಪ್ಪನವರು ಕೂಗಿದರು, "ಲಾಲಪ್ಪಾ, ಹಂಗ ಸಾಸವಡ ಕಡೆ ನಡಿ, ಅಲ್ಲೊಂದು ಗುಡಿ ಅದ." ಸಾಸವಡ! ಘಾಟು ಹತ್ತಿ ಅತ್ತ ಕಡೆ! ಬಾಯಿಗೆ ಬಂದದ್ದೆಲ್ಲ ಬೈದುಬಿಡುತ್ತಿದ್ದೆ. ಬಾಯಿ ತೆರೆದಾಗ ಬೇರೆಯೇ ಮಾತು ಬಂತು.

"ರಾಯರ, ಹೊರಟ ದಿನಾನೂ ಹಿಡದೀರೇನ್ರಿ ಲೆಕ್ಕಕ್ಕ?"

"ಮತ್ತ? ಗುರುವಾರ ಹೊಂಟೀವಿ. ಗುರುವಾರ ಒಂದು, ಶುಕ್ರವಾರ ಎರಡು..."

"ಅಲ್ಲೇ ತಪ್ಪೈತ್ರಿ. ಹೊರಟ ದಿನ ಹಿಡಿಯೂದಿಲ್ರಿ. ಕಾಶಿಯೊಳಗ ಸಂಕಲ್ಪ ಮಾಡಿಸಿದ್ರಲ್ಲ, ಆ ಭಟ್ಟರ ಹೇಳಿದ್ರು ನನಗ."

ಭಟ್ಟರು ನನಗೆ ಹೇಳಿದ್ದು ಒಂದೇ ಮಾತು, ಗಾಡಿ ಅಲ್ಲಿ ನಿಲ್ಲಿಸಬೇಡ ಎಂದು. ಆದರೆ ಸುಳ್ಳು ಹೊರಗೆ ಬಿದ್ದಾಗಿತ್ತು, ಇನ್ನು ಅದಕ್ಕೆ ಎಣ್ಣೆ ಹಾಕುವುದೇ ಸೈ. "ಹಂಗಾದ್ರ ಇವತ್ತ ಹದಿನೇಳು. ಹದಿನೆಂಟು ನಾಳೆ ಆಗತೈತ್ರಿ."

ನಿಜಲಿಂಗಪ್ಪನವರು ಬೆರಳು ಮಡಚಿ ಎಣಿಸಿದರು. ಡೈರಿ ತೆಗೆದರು. ಮತ್ತೆ ಎಣಿಸಿದರು. ಆಮೇಲೆ ಎದ್ದು ನಿಂತೇಬಿಟ್ಟರು.

"ಅಯ್ಯ ಶಿವನ! ಹಂಗಾದ್ರ ನಾಳೆ ಹೋಗಬಾರದು! ಇವತ್ತ ಹೋಗಬೇಕು! ನಡಿ ನಡಿ, ಲಗೂನ ನಡಿ!"

ಇಷ್ಟು ಹೊತ್ತು ಮನೆಯ ಕಡೆ ಮುಖ ತಿರುಗಿಸದಿದ್ದವರು ಈಗ ನಾನು ಮೊದಲು, ನೀನು ಮೊದಲು ಎಂದು ಜಗಳಕ್ಕೆ ಬಿದ್ದರು. ಆದರೂ ಯಾರ ಮುಖದಲ್ಲೂ ಪೂರ್ತಿ ಧೈರ್ಯವಿರಲಿಲ್ಲ. ಎಲ್ಲರ ಕಣ್ಣೂ ಮತ್ತೆ ಪಾರವ್ವನ ಮೇಲೆ. ಅವರದೇ ಮೊದಲ ಸ್ಟಾಪು, ಹಡಪಸರದ ಸಾಸಾಣೆನಗರ. ಅವರು ಇಳಿದರೆ ಉಳಿದವರು ಇಳಿಯುತ್ತಾರೆ. ಇಳಿಯದಿದ್ದರೆ ಸಾಸವಡ.

ಅವರ ಬಿಲ್ಡಿಂಗಿನ ಮುಂದೆ ಗಾಡಿ ನಿಲ್ಲಿಸಿ ಚೀಲ ಇಳಿಸಿಕೊಟ್ಟೆ. ಕೆಳಗಿಳಿದು, ತಂಬಿಗೆ ಎದೆಗವಚಿಕೊಂಡು, ನನಗೆ ಮಾತ್ರ ಕೇಳುವಂತೆ ಕೇಳಿದರು: "ಖರೇ ಹೇಳು ತಮ್ಮಾ. ಭಟ್ಟರ ಹಂಗ ಹೇಳ್ಯಾರೇನು?"

"ಹೌದ್ರಿ ಆಯಿ."

ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಸೊಂಟದ ಚೀಲದಿಂದ ಕರಿಯ ಕಾಶಿದಾರವೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. "ಕೂಸಿನ ಸೊಂಟಕ್ಕ ಕಟ್ಟು. ಇವತ್ತ ಕಟ್ಟು." ಗಾಡಿಯ ಕಡೆ ತಿರುಗಿ ಗಟ್ಟಿಯಾಗಿ, "ನಾ ಬರ್ತೇನ್ರೆವಾ ಎಲ್ಲಾರೂ. ನೀವೂ ಸಾವಕಾಶ ಮನೀ ಮುಟ್ರಿ," ಎಂದು ಗೇಟಿನ ಒಳಗೆ ನಡೆದರು. ಕಾಗದಕ್ಕೆ ಸಹಿಯನ್ನೂ ಹಾಕಿಕೊಟ್ಟಿದ್ದರು. ನಾನು ಗೆದ್ದೆ ಎಂದು ಗೇರು ಹಾಕಿದೆ.

ಬಿಬವೇವಾಡಿ, ಧನಕವಡಿ, ಕಾತ್ರಜ. ಒಬ್ಬೊಬ್ಬರದೂ ಒಂದೊಂದು ಮೆಟ್ಟಿಲು, ಒಂದೊಂದು ಆರತಿ, ಒಂದೊಂದು 'ಚಹಾ ಕುಡದು ಹೋಗಪಾ'. ಕೊನೆಯವರಾದ ನಿಜಲಿಂಗಪ್ಪನವರು ಸಹಿ ಹಾಕುವ ಮುನ್ನ ಕಾಗದವನ್ನು ಎರಡು ಸಲ ಓದಿದರು. ಎಲ್ಲ ಮುಗಿದು ನನ್ನ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ನಾಲ್ಕು ಗಂಟೆ.

ನಮ್ಮದು ಕೊಂಢವಾದಲ್ಲಿ ಒಂದು ಚಾಳದ ಮೊದಲ ಮಾಳಿಗೆ. ಎರಡು ಖೋಲಿ, ರಸ್ತೆ ಕಡೆಗೊಂದು ಕಿಟಕಿ. ಚಪ್ಪಲಿ ಕೆಳಗೇ ಬಿಟ್ಟು ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ಬಾಗಿಲಲ್ಲಿ ನಮ್ಮತ್ತೆ ಯಂಕವ್ವ ಎರಡೂ ಕೈ ಚೌಕಟ್ಟಿಗೆ ಕೊಟ್ಟು ನಿಂತಿದ್ದಳು. ಬಾಣಂತನಕ್ಕೆಂದು ಊರಿಂದ ಬಂದಿದ್ದಳು.

"ನಿಲ್ರಿ ಅಳಿಯಾರ. ಒಳಗ ಕಾಲಿಡಬ್ಯಾಡ್ರಿ."

"ಕೈಕಾಲ ತೊಳಕೊಂಡ ಬರ್ತೇನಿ, ಬಿಡ್ರಿ ಅತ್ತಿ."

"ತೊಳದ್ರೂ ಇಲ್ರಿ. ಇವತ್ತ ಹದಿನೆಂಟು."

ಆಕೆಯ ಭುಜದ ಮೇಲಿಂದ ಒಳಗಿನ ಗೋಡೆ ಕಾಣುತ್ತಿತ್ತು. ಗೋಡೆಗೆ ಕ್ಯಾಲೆಂಡರು. ನಾನು ಹೋದ ಗುರುವಾರದಿಂದ ದಿನಕ್ಕೊಂದು ಕುಂಕುಮದ ಚುಕ್ಕೆ. ತಿಪ್ಪವ್ವ ಕಾಯುತ್ತ ಇಟ್ಟ ಚುಕ್ಕೆಗಳು. ಅವನ್ನು ಕಂಡು ಹಿಗ್ಗಬೇಕಿತ್ತು, ಮೈ ಉರಿದುಹೋಯಿತು.

"ಏನ್ ಹಚ್ಚೀರಿ ಎಲ್ಲಾರೂ!" ಎಂದು ಕೂಗಿದೆ. ಇಡೀ ಚಾಳ ಹೊರಗೆ ಬಂತು. "ಮುಂಜಾನಿಂದ ಆ ಮಂದಿ ತಲಿ ತಿಂದಾರ, ಈಗ ನೀವು! ಹದಿನೆಂಟಕ್ಕ ಯಾವ ಶಾಸ್ತ್ರ ಐತಿ? ನನ್ನ ಮನಿ, ನನ್ನ ಕೂಸು!"

ಯಂಕವ್ವ ಕದಲಲಿಲ್ಲ. ಆಕೆಯನ್ನೂ ದೂರುವಂತಿರಲಿಲ್ಲ, ಅದೇ ಕಷ್ಟ. ಆಕೆಯೂ ಮೊದಲ ಎರಡನ್ನು ಕಳೆದುಕೊಂಡವಳು. ಮೂರನೆಯದು ಉಳಿಯಲೆಂದು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಂಡು ತಿಪ್ಪವ್ವ ಎಂದು ಹೆಸರಿಟ್ಟಳು. ಆ ಕೂಸೇ ನನ್ನ ಹೆಂಡತಿ.

ಒಳಗಿನ ಖೋಲಿಯಿಂದ ತಿಪ್ಪವ್ವನ ದನಿ ಬಂತು. ಬಾಣಂತಿ, ಹನ್ನೆರಡು ದಿನ ಆಗುವ ತನಕ ಕೂಸನ್ನು ಹೊಸ್ತಿಲಾಚೆ ತರುವಂತಿಲ್ಲ. "ಉಳಿದವ್ರು ಎಲ್ಲಿ ಅದಾರ್ರಿ?"

"ಎಲ್ಲಾರೂ ಮನೀಗೆ ಹೋಗ್ಯಾರ! ಯಾಕ? ಹೊರಟ ದಿನ ಲೆಕ್ಕಕ್ಕ ಹಿಡಿಯೂದಿಲ್ಲ. ಇವತ್ತ ಹದಿನೇಳು!"

"ಯಾರ್ ಹೇಳಿದ್ರು?"

"ಕಾಶಿ ಭಟ್ಟರ."

ತಿಪ್ಪವ್ವ ಅಳು ನುಂಗಿದ ದನಿಯಲ್ಲಿ ಹೇಳಿದಳು: "ನನಗೂ ಇದರಾಗ ನಂಬಿಕಿಲ್ರಿ. ನಿಮಗ ಗೊತ್ತೈತಿ. ಆದರ ಈ ಸಲ ನನ್ನ ಕಡೆ ಧೈರ್ಯ ಉಳದಿಲ್ಲ. ಭಟ್ಟರ ಖರೇನ ಹೇಳಿದ್ರ ಕೂಸಿನ ಮ್ಯಾಲೆ ಆಣಿ ಮಾಡ್ರಿ. ಮಾಡಿ ಒಳಗ ಬರ್ರಿ. ಅವ್ವಾ, ಬಿಡು ಅವರಿಗೆ."

ಯಂಕವ್ವ ಚೌಕಟ್ಟಿನಿಂದ ಕೈ ತೆಗೆದಳು. ಬಾಗಿಲು ತೆರವಾಯಿತು. ನಾಲ್ಕು ಹೆಜ್ಜೆ ಇಟ್ಟರೆ ಒಳಗಿನ ಖೋಲಿ. ತೊಟ್ಟಿಲ ಹಗ್ಗದ ತುದಿ ಕಾಣುತ್ತಿತ್ತು.

ಹನ್ನೆರಡು ಮಂದಿಗೆ ಕಣ್ಣು ಪಿಳುಕಿಸದೆ ಹೇಳಿದ ಮಾತು. ನಾನು ಅದ್ಯಾವುದನ್ನೂ ನಂಬುವವನಲ್ಲ; ಮುಂಜಾನೆಯಿಂದ ಅದನ್ನೇ ಬಡಬಡಿಸುತ್ತಿದ್ದೆ. ಬಾಯಿ ತೆರೆದೆ. ಆ ಕೂಸಿನ ಹೆಸರು ಹಿಡಿದು, ಅದಕ್ಕಿನ್ನೂ ಹೆಸರೇ ಇಲ್ಲ, ಅದರ ತಲೆಯ ಮೇಲೆ ಸುಳ್ಳು ಇಡಲು ಆಗಲಿಲ್ಲ. ಹಿಂದಕ್ಕೆ ಸರಿದೆ. ಒಳಗೆ ತಿಪ್ಪವ್ವನಿಗೆ ತಿಳಿದಿತ್ತು.

ಕೆಳಗೆ ಬಂದು ನನ್ನ ಸೀಟಿನಲ್ಲಿ ಕುಳಿತೆ. ಯಾರ ಮೇಲೆ ಸಿಟ್ಟು ಮಾಡಲಿ? ನಿಜಲಿಂಗಪ್ಪ ಮನೆಯಲ್ಲಿ ಕಾಲು ಚಾಚಿ ಮಲಗಿರಬೇಕು. ಹಾರ್ನ್ ಮೇಲೆ ಗುದ್ದಿದೆ. ಕಿಸೆಯಲ್ಲಿ ಕಾಶಿದಾರ ಕೈಗೆ ಸಿಕ್ಕಿತು. ಇವತ್ತ ಕಟ್ಟು ಎಂದಿದ್ದರು ಪಾರವ್ವ. ನನ್ನ ಕೂಸಿನ ಮೇಲೆ ಇಡಲಾಗದ ಸುಳ್ಳನ್ನು ಆ ಮುದುಕಿಯ ಮನೆಯ ಮೇಲೆ ಇಟ್ಟು ಬಂದಿದ್ದೆ. ಅವರ ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಇದ್ದಾರೆ. ನಾನು ನಂಬುವುದಿಲ್ಲ, ಸರಿ. ಅವರು ನಂಬುತ್ತಾರಲ್ಲ. ಉಳಿದ ಹನ್ನೊಂದು ಮಂದಿ ಗಾಬರಿಯಲ್ಲಿ ಒಳಗೆ ಓಡಿದರು. ಅವರೊಬ್ಬರು ಮಾತ್ರ ನನ್ನ ಮುಖ ನೋಡಿ, ಖರೇ ಹೇಳು ಎಂದು ಕೇಳಿ, ನಂಬಿ ಹೋಗಿದ್ದರು. ಕುಳಿತಲ್ಲಿ ಕೂರಲಾಗಲಿಲ್ಲ. ಸೇಟ್‌ನ ಕಾಗದದಲ್ಲಿದ್ದ ನಂಬರು ನೋಡಿ ಮೂಲೆಯ ಬೂತಿನಿಂದ ಫೋನ್ ಮಾಡಿದೆ. ಅವರ ಮಗ ಬಸವಲಿಂಗ ಎತ್ತಿಕೊಂಡ.

"ಅವ್ವಾರ ಅದಾರೇನ್ರಿ? ನಾನು ಡ್ರೈವರ್ ಲಾಲಪ್ಪ."

"ಏ ಮಾರಾಯಾ, ನೀನೇನು!" ಅವನ ದನಿಯೂ ನನ್ನಷ್ಟೇ ಉರಿಯುತ್ತಿತ್ತು. "ಏನ್ ಹೇಳಿ ಕಳಿಸೀಯೋ ಅಕಿಗೆ? ಮಧ್ಯಾಹ್ನದಿಂದ ಒಳಗ ಬರವೊಲ್ಲಳು. ಗೇಟಿನಾಗ ವಾಚ್‌ಮನ್ ಖುರ್ಚಿ ಮ್ಯಾಲೆ ಕುಂತಾಳ. ನಾಳೆ ಬರ್ತೇನಿ ಅಂತಾಳ. ಬಿಲ್ಡಿಂಗ್ ಮಂದಿ ಎಲ್ಲಾ ನನ್ನ ನೋಡಿ ನಗಾಕತ್ತದ!"

ಫೋನ್ ಇಟ್ಟವನೇ ಗಾಡಿ ತಿರುಗಿಸಿದೆ. ಅದೇ ಹಡಪಸರ, ಅದೇ ಜಾಮು, ಅದೇ ಕೈಗಾಡಿಗಳು. ಈ ಸಲ ಹಾರ್ನ್ ಹೊಡೆಯಲಿಲ್ಲ.

ಅವರು ಅಲ್ಲೇ ಇದ್ದರು. ತಂಬಿಗೆ ತೊಡೆಯ ಮೇಲೆ, ಚೀಲ ಕಾಲ ಬಳಿ, ಸೆರಗು ತಲೆ ತುಂಬ. ವಾಚ್‌ಮನ್ ಬಡಪಾಯಿ ಕಲ್ಲಿನ ಮೇಲೆ ಕುಳಿತಿದ್ದ. ನನ್ನನ್ನು ಕಂಡು ಪಾರವ್ವ ಆಶ್ಚರ್ಯಪಡಲೇ ಇಲ್ಲ.

"ಆಯಿ, ಭಟ್ಟರ ಹಂಗ ಹೇಳಿಲ್ರಿ. ನಾ ಸುಳ್ಳ ಹೇಳೇನ್ರಿ."

"ಗೊತ್ತದ."

"ಗೊತ್ತಿತ್ತೇನ್ರಿ?"

"ಎಪ್ಪತ್ತೆರಡ ವರ್ಷ ಎಣಿಸೇನಿ. ಹೊರಟ ದಿನ ಹಿಡೀತಾರೋ ಇಲ್ಲೋ ಅಂತ ನನಗ ನೀ ಹೇಳತೀಯೇನು?"

"ಮತ್ತ್ಯಾಕ ಇಳದ್ರಿ? ನಂದೊಂದು ಮಾತಿಗೆ..."

"ನಾ ಇಳೀದಿದ್ರ ಅವರ್‍ಯಾರೂ ಇಳೀತಿದ್ದಿಲ್ಲ. ನೀ ಇನ್ನೂ ಇಲ್ಲೇ ಗಿರಕಿ ಹೊಡೀತಿದ್ದಿ." ತಂಬಿಗೆಯನ್ನು ಇನ್ನೊಂದು ತೊಡೆಗೆ ಸರಿಸಿಕೊಂಡರು. "ನಾಗಪುರದಾಗ ನೀ ಅಳೂದು ನೋಡೇನಿ ತಮ್ಮಾ, ಬೂತಿನಾಗ. ಅದೆಲ್ಲಾ ಇರಲಿ. ಹೆಂಗದ ಕೂಸು?"

"ನೋಡಿಲ್ರಿ."

"ಯಾಕ?"

"ನಮ್ಮ ಮನ್ಯಾಗೂ ಎಣಿಸ್ಯಾರ್ರಿ."

ಅವರು ನನ್ನನ್ನೇ ನೋಡಿದರು. ತುಟಿ ಅದುರಿತು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ನಕ್ಕೇ ನಕ್ಕರು, ಕಣ್ಣಲ್ಲಿ ನೀರು ಬರುವ ತನಕ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ನನಗೂ ನಗು ಬಂತು, ಅದರ ಹಿಂದೆಯೇ ಅಳು ಬಂತು. ವಾಚ್‌ಮನ್ ಎದ್ದು ಆಚೆ ಹೋದ.

"ಬರ್ರಿ ಆಯಿ, ಗಾಡ್ಯಾಗ ಕೂಡ್ರಿ," ಎಂದೆ. "ಇಲ್ಲ್ಯಾಕ ಚಳಿಯೊಳಗ? ನಮ್ಮ ಪಕ್ಕದ ಮನೀ ರಾಧಾಬಾಯಿ ಭಾಳ ಚಲೋ ಹೆಂಗಸು. ಅಲ್ಲಿ ಮಲಗ್ರಿ. ಮುಂಜಾನೆ ನಾನ ತಂದು ಬಿಡತೇನಿ."

ಮಹಡಿಯಿಂದ ಬಸವಲಿಂಗ ಕೂಗುತ್ತಲೇ ಇದ್ದ. ಪಾರವ್ವ ಅವನಿಗೆ ಕೈಬೀಸಿ ತಮ್ಮ ಹಳೇ ಸೀಟಿನಲ್ಲಿ ಕುಳಿತರು.

ವಾಪಸ್ ನಮ್ಮ ಚಾಳದ ಮುಂದೆ ಬಂದಾಗ ಬಿಸಿಲು ಇಳಿದಿತ್ತು, ಬೆಳಕಿತ್ತು. ಪಾರವ್ವ ಕೆಳಗಿಳಿದು ಸುತ್ತ ನೋಡಿದರು. "ಯಾವುದು ನಿಮ್ಮ ಖೋಲಿ?" ಕಿಟಕಿ ತೋರಿಸಿದೆ. ಕಿಟಕಿ ನೋಡಿದರು, ಗಾಡಿಯ ಮೇಲಿನ ಕ್ಯಾರಿಯರ್ ನೋಡಿದರು, ಮತ್ತೆ ಕಿಟಕಿ ನೋಡಿದರು.

"ಹೊಸ್ತಿಲಾ ದಾಟಬಾರದು ಅಂತ ಅದ. ಕೂಸಿನ್ನ ನೋಡಬಾರದು ಅಂತ ಯಾರ್ ಹೇಳ್ಯಾರ? ಹಿಂದಕ್ಕ ತುಗೋ ಗಾಡಿ."

ಎಂಥ ಮಂಕು ನಾನು! ಮೂರು ಸಾವಿರದ ಆರುನೂರು ಕಿಲೋಮೀಟರ್ ಆ ಕ್ಯಾರಿಯರಿಗೆ ಹತ್ತಿ ಇಳಿದವನು ನಾನೇ. ಗಾಡಿಯನ್ನು ಗೋಡೆಗೆ ಒರಗುವ ಹಾಗೆ ತಂದು ನಿಲ್ಲಿಸಿ ಅದರ ಏಣಿಯಿಂದ ಕ್ಯಾರಿಯರಿಗೆ ಹತ್ತಿದೆ. ನಿಂತರೆ ಕಿಟಕಿ ನನ್ನ ಎದೆಯ ಮಟ್ಟ. ಕಿಟಕಿಯ ಕದ ಬಡಿದೆ. ಒಳಗೆ ಯಂಕವ್ವ ಗಾಳಿ, ಚಳಿ ಎಂದು ಏನೋ ಗೊಣಗಿದಳು. ಕೆಳಗಿನಿಂದ ಪಾರವ್ವ, "ನಾ ಹೇಳತೇನಿ ತಗೀರೆವಾ, ಏನೂ ಆಗೂದಿಲ್ಲ," ಎಂದು ಕೂಗಿದರು. ಆ ದನಿಗೆ ಕಾಶಿಯ ಪಂಡಾಗಳೇ ದಾರಿ ಬಿಟ್ಟಿದ್ದರು. ಕಿಟಕಿ ತೆರೆಯಿತು.

ತಿಪ್ಪವ್ವ ಕಿವಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ತೋಳಿನಲ್ಲಿ ಒಂದು ಗಂಟು. ಕಂಬಿಯ ಹತ್ತಿರ ಬಂದು, ಬಟ್ಟೆಯ ಅಂಚು ಸರಿಸಿದಳು.

ಇಷ್ಟೇ ಇಷ್ಟು ಮುಖ. ಕೆಂಪಗೆ, ಕಣ್ಣು ಮುಚ್ಚಿಕೊಂಡು. ಬೆಳಕು ಬಿದ್ದದ್ದೇ ತಡ, ಎರಡೂ ಹುಬ್ಬು ಗಂಟು ಹಾಕಿ, ತುಟಿ ಮುಂದೆ ಮಾಡಿ, ಜಗತ್ತಿನ ಮೇಲೆಲ್ಲ ಸಿಟ್ಟು ಮಾಡಿಕೊಂಡಿತು. ಅದು ನನ್ನ ಸಿಟ್ಟು. ಗುರುತು ಹಿಡಿಯಲು ನನಗೆ ಹೊತ್ತು ಬೇಕಾಗಲಿಲ್ಲ.

ತಿಪ್ಪವ್ವ ಕೂಸಿನ ಹಣೆಯ ಮೇಲೆ ಬೆರಳಾಡಿಸಿದಳು. ನನ್ನ ಕಡೆ ನೋಡದೆ ಹೇಳಿದಳು, "ಅದೂ ಹಿಂಗ ಹುಬ್ಬ ಗಂಟ ಹಾಕತಿತ್ರಿ. ಮೂರೂ ದಿನ ಹಿಂಗ. ಇದರ ಹಂಗ ಇತ್ತು ಮುಖ."

ನಾನು ಕ್ಯಾರಿಯರಿನ ಕಂಬಿ ಹಿಡಿದುಕೊಂಡೆ. ಒಂದು ಮುಖ ನೋಡಲೆಂದು ಹತ್ತಿದ್ದೆ. ಎರಡು ನೋಡಿದೆ.

"ಲಾಲಪ್ಪಾ, ಏನ್ ಸುಮ್ನ ನಿಂತಿ? ಯಾರ ಹಂಗದ?" ಕೆಳಗಿನಿಂದ ಪಾರವ್ವ ಕೇಳುತ್ತಿದ್ದರು. ಕಾಶಿದಾರವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ತಿಪ್ಪವ್ವ ಅದನ್ನು ಎತ್ತಿಕೊಂಡು, ನಾನು ನೋಡುತ್ತಿದ್ದಂತೆಯೇ, ಕೂಸಿನ ಸೊಂಟಕ್ಕೆ ಕಟ್ಟಿದಳು.